ನಿಘಂಟಿನ ಮೂರನೆಯ ಅರ್ಥ

ಈ ಹಕ್ಕಿ ಕೂಡಿಯೇ ಇಲ್ಲವಲ್ಲ, ಎಂದು ಎಡಿಟರ್ ಬಾಯಿ ಬರೆದಿದ್ದಳು. ಎಷ್ಟು ಮೆತ್ತಗೆ ಬರೆದಿದ್ದಳೆಂದರೆ, ಮೊದಲ ಸಲ ಓದಿದಾಗ ಅನುವಾದಕಿ ವೃಂದಾಗೆ ಅದು ಹೊಗಳಿಕೆಯೆಂದೇ ಅನ್ನಿಸಿತ್ತು. ಎರಡನೆಯ ಸಲ ಓದುವಾಗ ಚಹಾದ ಕಪ್ಪನ್ನು ಕೆಳಗಿಟ್ಟು, ಕನ್ನಡಕ ಒರೆಸಿ ಹಾಕಿಕೊಂಡಳು. 'ನಲವತ್ತೊಂದನೆಯ ಪುಟದಲ್ಲಿ, ಕೂಟ ಮುಗಿದ ಮೇಲೂ ದೇಹದ ಚಾಲನೆ ಓಡುತ್ತಲೇ ಇರುತ್ತದೆ ಎಂದು ನೀವು ಇಂಗ್ಲಿಷಿಗೆ ತಂದಿದ್ದೀರಿ. ಆದರೆ ಈ ಗೀಜಗ ಪಂಜರದಲ್ಲಿ ಒಂಟಿಯಾಗಿದೆ, ಹೆಣ್ಣಿನ ಸುದ್ದಿಯೇ ಇಲ್ಲ. ಲೇಖಕರು ಇಲ್ಲಿ ಮೋಟಾರು ಗಾಡಿಯ ಹೋಲಿಕೆ ಕೊಡುತ್ತಿದ್ದಾರೆಂದು ನನ್ನ ಊಹೆ. ಜರ್ಮನ್ನಿನ ಕುಪ್ಲುಂಗ್ ಎಂದರೆ ಇಲ್ಲಿ ಕೂಟವಲ್ಲ, ಕ್ಲಚ್ಚು. ಹಾಗಿದ್ದ ಮೇಲೆ, ನೀವು ಅಷ್ಟು ಚಂದದ ಟಿಪ್ಪಣಿ ಬರೆದಿರುವ ಲೇರ್‌ಲೌಫ್ ಎಂಬ ಶಬ್ದವೂ ಸಿಗ್ನಲ್ಲಿನಲ್ಲಿ ನಿಂತ ಗಾಡಿಯ ಎಂಜಿನ್ ಓಡುವುದಕ್ಕೆ ಹೇಳುವ ಮಾತೇ ಅಲ್ಲವೆ? ನಿಮ್ಮೂರಿನ ಯಾವ ಮೆಕ್ಯಾನಿಕ್ಕನನ್ನು ಕೇಳಿದರೂ ಹೇಳಿಯಾನು. ನನ್ನದೇ ತಪ್ಪಿದ್ದರೆ ಕ್ಷಮಿಸಿ.'

ಮೆಕ್ಯಾನಿಕ್ ಎಂಬಲ್ಲಿಗೆ ಬಂದಾಗ ವೃಂದಾಳ ಕಿವಿ ಬಿಸಿಯಾದವು. ಪುಣೆಯಲ್ಲಿ ಕೂತ ಆ ಬಾಯಿಗೆ ಧಾರವಾಡ ಎಂಥದೋ, ಹುಬ್ಬಳ್ಳಿ ಎಂಥದೋ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಗುಲಾಬಸಾಬ ಎಂಬ ಮೆಕ್ಯಾನಿಕ್ ಇದ್ದಾನೆ, ಅವನಿಗೆ ನಿಶಾತ ಎಂಬ ಮಗಳಿದ್ದಾಳೆ, ಆ ಮಗಳು ಐದು ತಿಂಗಳ ಹಿಂದೆ ವೃಂದಾಳ ತುಂಬಿದ ಕ್ಲಾಸಿನಲ್ಲಿ ಎದ್ದು ನಿಂತು ಇದನ್ನೇ ಹೇಳಿದ್ದಳು ಎಂಬುದು ಆಕೆಗೆ ಹೇಗೆ ಗೊತ್ತಾಗಬೇಕು. ಯಾರಿಗೂ ಗುರಿಯಿಡದೆ ಎಸೆದ ಕಲ್ಲು ಸರಿಯಾದ ಜಾಗಕ್ಕೇ ಬಂದು ಬಿದ್ದಿತ್ತು. "ಏನಂತ ಬರದಾರ?" ಎಂದು ಒಳಗಿನಿಂದ ತಾರಾಬಾಯಿ ಕೇಳಿದರು. ಎಂಬತ್ತೊಂದು ವರ್ಷದ ತಾಯಿಗೆ ಬಾಗಿಲ ಗಂಟೆ ಕೇಳುವುದಿಲ್ಲ, ಮಗಳ ಮೊಬೈಲು ಟಿಣ್ ಎಂದದ್ದು ಮಾತ್ರ ಮೂರು ಕೋಣೆ ದಾಟಿ ಕೇಳುತ್ತದೆ. "ಛಲೋ ಆಗೇದ ಅಂತ ಬರದಾರ," ಎಂದಳು ವೃಂದಾ. "ಆ ಖಾಲೀದು ಓದಿದ್ರೇನು?" "ಓದ್ಯಾರ." "ಮತ್ತ? ನಾ ಹೇಳಿದ್ದಿಲ್ಲೇನು ನಿನಗ," ಎಂದು ತಾರಾಬಾಯಿ ತೃಪ್ತಿಯಿಂದ ಗೊಣಗಿಕೊಂಡರು. ಐವತ್ತೆರಡು ವರ್ಷದ ಹೆಂಗಸು ತಾಯಿಗೆ ಬೆಳಗಿನ ಚಹಾದ ಹೊತ್ತಿಗೇ ಒಂದು ಸುಳ್ಳು ಹೇಳಿ ಮುಗಿಸಿದ್ದಳು.

ಆ ಖಾಲೀದು ಎಂದರೆ ಎಡಿಟರ್ ಬಾಯಿ ಹೇಳಿದ ಆ ಚಂದದ ಟಿಪ್ಪಣಿ. ಪುಸ್ತಕವನ್ನು ತಂದುಕೊಟ್ಟವರು ಬಾಳಕೃಷ್ಣ ಕಾಕಾ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾದವರು. ಯಾರೋ ಜರ್ಮನ್ ಪಂಡಿತ ಗೀಜಗ, ನಾಯಿ ಮುಂತಾದವನ್ನು ಸಾಕಿ, ಅವುಗಳ ನಡತೆಯನ್ನು ನೋಡಿ ನೋಡಿ ಬರೆದಿಟ್ಟ ಟಿಪ್ಪಣಿಗಳು. ಇಂಗ್ಲಿಷಿನಲ್ಲಿ ಅವಕ್ಕೆಲ್ಲ ಹಳೆಯ ಪಾಠದ ಪುಸ್ತಕಗಳ ಶಬ್ದಗಳಿವೆ, ಅವು ಸವೆದುಹೋಗಿವೆ, ನೀನು ಹೊಸದಾಗಿ ಯೋಚಿಸಿ ಮಾಡು ವೃಂದಾ ಎಂದಿದ್ದರು ಕಾಕಾ. ಹೊಸದಾಗಿ ಯೋಚಿಸು ಎಂದು ಯಾರಾದರೂ ಅಂದರೆ ವೃಂದಾಗೆ ಅದೇ ಹಬ್ಬ. ಪಂಜರದಲ್ಲಿರುವ ಗಂಡು ಗೀಜಗನಿಗೆ ಹುಲ್ಲಿನ ಒಂದೆಳೆಯೂ ಇಲ್ಲ. ಆದರೂ ಋತು ಬಂದಾಗ ಅದು ಬರಿಯ ಕೊಕ್ಕಿನಿಂದ ಗಾಳಿಯಲ್ಲಿ ಗಂಟು ಹಾಕುತ್ತದೆ, ಎಳೆಯುತ್ತದೆ, ಮತ್ತೆ ಗಂಟು ಹಾಕುತ್ತದೆ. ಇದಕ್ಕೆ ಆ ಪಂಡಿತ ಇಟ್ಟ ಹೆಸರು ಲೇರ್‌ಲೌಫ್. ಲೇರ್ ಎಂದರೆ ಖಾಲಿ, ಲೌಫ್ ಎಂದರೆ ಓಟ. ಖಾಲಿ ಎಂದ ಕೂಡಲೆ ವೃಂದಾಗೆ ತಾಯಿಯ ಸಂಗೀತ ಪಾಠದ ಕೋಣೆ ನೆನಪಾಗಿತ್ತು. ತೀನತಾಲದ ಒಂಬತ್ತನೆಯ ಮಾತ್ರೆಗೆ ಚಪ್ಪಾಳೆ ಹೊಡೆಯುವುದಿಲ್ಲ, ಕೈಯನ್ನು ಸುಮ್ಮನೆ ಹೊರಳಿಸುತ್ತಾರೆ, ಅದು ಖಾಲಿ. ಹೊಡೆತವಿಲ್ಲ, ಲಯವಿದೆ. ಹುಲ್ಲಿಲ್ಲ, ಹೆಣಿಗೆಯಿದೆ. ಆಕೆಗೆ ಅವತ್ತು ಮೈ ಜುಮ್ಮೆಂದಿತ್ತು. ಇಂಗ್ಲಿಷಿನಲ್ಲಿ 'ಅನ್‌ಸ್ಟ್ರಕ್ ಬೀಟ್' ಎಂದು ಬರೆದು, ನಾಲ್ಕು ಪುಟದ ಟಿಪ್ಪಣಿ ಜೋಡಿಸಿ, ಧಾರವಾಡದ ಒಂದು ಸಭೆಯಲ್ಲಿ ಅದನ್ನು ಓದಿದ್ದಳು. ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಆಹಾ ಎಂದಿದ್ದರು, ತಾರಾಬಾಯಿ ತೊಡೆಯ ಮೇಲೆ ಕೈ ಹೊರಳಿಸಿ ತೋರಿಸಿದ್ದರು. ಸಭೆಯಲ್ಲಿದ್ದ ಒಬ್ಬರಿಗೂ ಗಾಡಿಯ ನೆನಪಾಗಲಿಲ್ಲ, ಅವರೆಲ್ಲ ಕಾರಿನಲ್ಲೇ ಬಂದಿದ್ದರೂ.

ಆದರೆ ಆಕೆಗೆ ಗೊತ್ತಿರಲಿಲ್ಲವೆ? ಎಡಿಟರ್ ಬಾಯಿಗೆ ಉತ್ತರ ಬರೆಯಲು ಕಂಪ್ಯೂಟರಿನ ಮುಂದೆ ಕೂತ ವೃಂದಾ ದಪ್ಪ ನಿಘಂಟನ್ನು ತೆರೆದಳು. ತೆರೆಯುವ ಅವಶ್ಯಕತೆಯೇ ಇರಲಿಲ್ಲ. ಆ ಪುಟದ ಎಡಗಡೆಯ ಕಾಲಮ್ಮಿನಲ್ಲಿ, ಮೇಲಿನಿಂದ ಹದಿನೈದನೆಯ ಸಾಲು. ಒಂದನೆಯ ಅರ್ಥ, ಫಲವಿಲ್ಲದ ದುಡಿತ. ಎರಡನೆಯದು, ಕೆಲಸವಿಲ್ಲದ ವೇಳೆ. ಮೂರನೆಯದು ಯಂತ್ರಗಳಿಗೆ ಸಂಬಂಧಿಸಿದ್ದು, ಗೇರಿಗೆ ಹತ್ತದೆ ಎಂಜಿನ್ ಓಡುವುದು. ಮೂರನೆಯದರ ಮುಂದೆ ಪೆನ್ಸಿಲಿನ ಸಣ್ಣ ಚುಕ್ಕೆಯಿತ್ತು. ಅದನ್ನು ಇಟ್ಟವಳು ತಾನೇ. ನೋಡಿದ್ದಳು, ಚುಕ್ಕೆ ಇಟ್ಟಿದ್ದಳು, ದಾಟಿ ಹೋಗಿದ್ದಳು. ತೀನತಾಲ ಅಷ್ಟು ಎತ್ತರದಲ್ಲಿರುವಾಗ ಕೆಳಗಿಳಿದು ಗೇರಿನ ಡಬ್ಬಿಗೆ ಕೈ ಹಾಕುವವರು ಯಾರು. ತಿಳಿಯದೆ ತಪ್ಪಿದೆ ಎನ್ನುವ ಒಂದು ಸಮಾಧಾನವೂ ಆ ಚುಕ್ಕೆಯಿಂದ ಹೋಗಿಬಿಟ್ಟಿತು.

ನಿಶಾತ ಹೇಳಿದ್ದು ಡಿಸೆಂಬರಿನ ಒಂದು ಶನಿವಾರ. ಜರ್ಮನಿಯ ಆಸ್ಪತ್ರೆಗಳಿಗೆ ಹೋಗಲಿರುವ ಹನ್ನೊಂದು ಮಂದಿ ನರ್ಸುಗಳಿಗೆ ಹುಬ್ಬಳ್ಳಿಯ ಒಂದು ಬಾಡಿಗೆ ಹಾಲಿನಲ್ಲಿ ವೃಂದಾ ಭಾಷೆ ಕಲಿಸುತ್ತಿದ್ದಳು. ಅವತ್ತು ಪಾಠ ಬಿಟ್ಟು ತನ್ನ ಖಾಲಿಯ ಕಥೆ ಹೇಳಿದಳು. ಅದು ಬೇಕಿರಲಿಲ್ಲ, ಇಂಜೆಕ್ಷನ್ನು, ಮಂಚ, ರಕ್ತದೊತ್ತಡ ಎಂಬ ಶಬ್ದಗಳಿಗಾಗಿ ಬಂದವರಿಗೆ ಗೀಜಗನ ಕೊಕ್ಕಿನಿಂದ ಏನಾಗಬೇಕಿದೆ. ಹೇಳಿದ್ದು ಕೇಳಿಸಿಕೊಳ್ಳುವವರು ಬೇಕಿತ್ತು, ಅಷ್ಟೆ. ಆಗ ಹಿಂದಿನ ಬೆಂಚಿನಿಂದ ನಿಶಾತ ಎದ್ದಳು. "ಮೇಡಮ್, ಲೇರ್‌ಲೌಫ್ ಅಂದ್ರ ನ್ಯೂಟ್ರಲ್ ಅಲ್ಲೇನ್ರಿ? ನಮ್ಮಪ್ಪನ ಕಡೆ ಒಂದು ಜರ್ಮನ್ ಗಾಡಿ ಪುಸ್ತಕ ಐತ್ರಿ. ಅದರಾಗ ಗೇರಿನ ಚಿತ್ರದ ಬಾಜೂಕ ಹಂಗ ಬರದಾರ." ಹುಡುಗಿಯ ಮುಖದಲ್ಲಿ ಸಂತೋಷವಿತ್ತು, ತನ್ನ ಮನೆಯಲ್ಲಿರುವ ಒಂದು ವಸ್ತು ಮೇಡಮ್ಮಿನ ಪಾಠಕ್ಕೂ ಬೇಕಾದದ್ದು ಎಂಬ ಸಂತೋಷ. ವೃಂದಾಳ ಕಣ್ಣ ಮುಂದೆ ಪೆನ್ಸಿಲಿನ ಚುಕ್ಕೆ ಬಂದು ಹೋಯಿತು. "ಇದು ಗ್ಯಾರೇಜ್ ಅಲ್ಲಾ ನಿಶಾತ," ಎಂದಳು, ಧಾರವಾಡದ ಆ ಮೆತ್ತನೆಯ, ನಯವಾದ, ಯಾರಿಗೂ ಬೈದಂತೆ ಕೇಳಿಸದ ದನಿಯಲ್ಲಿ. "ಇಲ್ಲೆ ನಾವು ಭಾಷಾ ಕಲೀಲಿಕ್ಕೆ ಬಂದೀವಿ." ಹತ್ತು ಮಂದಿ ನಕ್ಕರು. ನಿಶಾತ ಕೂಡ ನಕ್ಕಳು. ತಲೆ ಒಂದಿಷ್ಟು ಓರೆ ಮಾಡಿ, "ಹೌದ್ರಿ ಮೇಡಮ್," ಎಂದು ಕೂತಳು. ಆ ವಾರವೇ ವೃಂದಾ ಅನುವಾದ ಮಾಡುತ್ತಿದ್ದ ಅಧ್ಯಾಯದಲ್ಲಿ ಸೋತ ನಾಯಿ ಗೆದ್ದ ನಾಯಿಗೆ ತನ್ನ ಕುತ್ತಿಗೆ ತಿರುಗಿಸಿ ಒಪ್ಪಿಸುವ ಸಂಗತಿ ಬಂದಿತ್ತು. ಜರ್ಮನ್ನಿನಲ್ಲಿ ಅದಕ್ಕೆ ದೈನ್ಯದ ಸನ್ನೆ ಎಂಬರ್ಥದ ಹೆಸರು. ಹಾಗೆ ಒಪ್ಪಿಸಿದ ಮೇಲೆ ಗೆದ್ದದ್ದು ಕಚ್ಚುವುದಿಲ್ಲ, ಕಚ್ಚಲಾರದು, ಎಂದು ಆ ಪಂಡಿತ ಬರೆದಿದ್ದ. ನಾಯಿ ಕಚ್ಚುವುದಿಲ್ಲ, ಅದು ನಿಜವಿರಬೇಕು.

ವೃಂದಾ ಕಚ್ಚಿದ್ದಳು. ಅವತ್ತು ಸಂಜೆ ನರ್ಸುಗಳನ್ನು ಕಳಿಸುವ ಏಜನ್ಸಿಯ ಫಾರ್ಮುಗಳು ಬಂದವು. ಪ್ರತಿಯೊಬ್ಬರ ಹೆಸರಿನ ಮುಂದೆ ಮೂರು ಚೌಕ: ತಯಾರಿದ್ದಾರೆ, ಮುಂದಿನ ತಂಡಕ್ಕೆ ಇಡಬಹುದು, ಆಗುವುದಿಲ್ಲ. ಹತ್ತು ಮಂದಿಗೆ ಮೊದಲ ಚೌಕದಲ್ಲಿ ಗುರುತು ಹಾಕಿದಳು. ಕನ್ನಡದವಳಾಗಿಯೂ ಜರ್ಮನ್ ಉಪವಾಕ್ಯದಲ್ಲಿ ಕ್ರಿಯಾಪದವನ್ನು ಕೊನೆಗೆ ತರಲು ಬಾರದ ಸುಕನ್ಯಾಳಿಗೂ ಹಾಕಿದಳು. ನಿಶಾತಳ ಫಾರ್ಮು ಕೊನೆಗೆ ಉಳಿಯಿತು. ನಿಶಾತಳಷ್ಟು ಚೊಕ್ಕ ಜರ್ಮನ್ ಆ ಹನ್ನೊಂದರಲ್ಲಿ ಯಾರದೂ ಇರಲಿಲ್ಲ. ವೃಂದಾ ಎರಡನೆಯ ಚೌಕಕ್ಕೆ ಗುರುತು ಹಾಕಿ, ಕೆಳಗೆ 'ಶಬ್ದಗಳ ಆಯ್ಕೆ ಒರಟು, ಇನ್ನೂ ತಯಾರಿ ಬೇಕು' ಎಂದು ಬರೆದು ಸಹಿ ಮಾಡಿದಳು. ಸಿಟ್ಟು ಕೂಡ ಬಂದಿರಲಿಲ್ಲ ಆಕೆಗೆ. ಅದೇ ಈಗ ಹೆಚ್ಚು ನಾಚಿಕೆಯ ಸಂಗತಿ. ಸಿಟ್ಟಿನಲ್ಲಿ ಮಾಡಿದ್ದರೆ ಸಿಟ್ಟಿನ ಮೇಲೆ ಹಾಕಬಹುದಿತ್ತು. ಸಂಕ್ರಾಂತಿ ಮುಗಿದ ವಾರ ಹತ್ತು ಮಂದಿ ವಿಮಾನ ಹತ್ತಿದರು, ಗ್ರೂಪಿನಲ್ಲಿ ಹಿಮದ ಫೋಟೋ ಹಾಕಿದರು. ಪ್ರತಿ ಫೋಟೋದ ಕೆಳಗೆ ನಿಶಾತ ಒಂದು ಹೂವು ಹಾಕಿದಳು.

ಎಡಿಟರ್ ಬಾಯಿಗೆ ಉತ್ತರ ಬರೆಯಲು ಎರಡು ನಿಮಿಷ ಹಿಡಿಯಿತು. ಕೂಟ ತೆಗೆದು ಕ್ಲಚ್ಚು ಹಾಕಿದಳು, ನಾಲ್ಕು ಪುಟದ ಟಿಪ್ಪಣಿ ಅಳಿಸಿ ಹಾಕಿದಳು, ನಿಮ್ಮ ಸೂಕ್ಷ್ಮ ಕಣ್ಣಿಗೆ ಧನ್ಯವಾದ ಎಂದು ಸೇರಿಸಿದಳು. ಪುಸ್ತಕ ಸರಿಯಾಯಿತು. ಇಷ್ಟು ಸುಲಭವಾಗಿ ಸರಿಯಾದದ್ದೇ ಆಕೆಗೆ ಸಹಿಸಲಾಗಲಿಲ್ಲ. ಎದ್ದು ಸೀರೆ ಬದಲಿಸಿ, ಕನ್ನಡಕದ ಅಂಗಡಿಗೆ ಹೋಗಿ ಬರುತ್ತೇನೆ ಎಂದು ತಾಯಿಗೆ ಬೆಳಗಿನ ಎರಡನೆಯ ಸುಳ್ಳು ಹೇಳಿ, ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತಿದಳು. ಬಸ್ಸು ತಣ್ಣಗಿತ್ತು, ಹೊರಗೆ ಮೇ ತಿಂಗಳ ಬಿಸಿಲು ರಸ್ತೆಯ ಮೇಲೆ ಕುಣಿಯುತ್ತಿತ್ತು. ಏನು ಹೇಳಬೇಕು? ನಿಶಾತ, ನೀನು ಹೇಳಿದ ಶಬ್ದ ಸರಿಯಿತ್ತು. ಅಷ್ಟು ಹೇಳಿದರೆ ಸಾಕು. ಅಷ್ಟು ಹೇಳಿದರೆ ತನಗೆ ದೊಡ್ಡಸ್ತಿಕೆಯೇ ಬರುತ್ತದೆ, ನೋಡು ಮೇಡಮ್ ಎಷ್ಟು ದೊಡ್ಡವರು, ತಪ್ಪೊಪ್ಪಿಕೊಳ್ಳಲು ಮನೆಗೇ ಬಂದರು ಎಂದಾರು. ಫಾರ್ಮಿನ ಸುದ್ದಿ ಎತ್ತುವುದೇಕೆ. ಹೇಗೂ ಮುಂದಿನ ತಂಡವಿದೆ, ಹುಡುಗಿ ಹೋಗಿಯೇ ಹೋಗುತ್ತಾಳೆ. ನವನಗರ ದಾಟುವ ಹೊತ್ತಿಗೆ ಫಾರ್ಮಿನ ಸುದ್ದಿ ಎತ್ತುವುದಿಲ್ಲವೆಂದು ನಿರ್ಧಾರವಾಯಿತು. ಉಣಕಲ್ಲ ಕೆರೆಯ ಹತ್ತಿರ ಮತ್ತೆ ಅನುಮಾನ ಬಂತು. ಇಷ್ಟೂ ಹೊತ್ತು ಮನಸ್ಸಿನೊಳಗೆ ಗುಲಾಬಸಾಬನನ್ನು ಅವನು, ಅವನು ಎನ್ನುತ್ತಿದ್ದೇನೆ, ಬಾಳಕೃಷ್ಣ ಕಾಕಾ ಮಾತ್ರ ಅವರು, ಎಂಬುದು ಹೊಸೂರಿನಲ್ಲಿ ಇಳಿದು ಆಟೋ ಹತ್ತುವಾಗ ಹೊಳೆಯಿತು. ಇಬ್ಬರ ವಯಸ್ಸಿನಲ್ಲಿ ಬಹಳ ಅಂತರವಿರಲಾರದು.

ಗ್ಯಾರೇಜು ಗೋಕುಲ ರಸ್ತೆಯಿಂದ ಒಂದು ಓಣಿ ಒಳಗಿತ್ತು. ಮುಂದೆ ತಗಡಿನ ನೆರಳು, ಹಿಂದೆ ಹಸಿರು ಬಾಗಿಲಿನ ಮನೆ. ಮೂತಿ ಎತ್ತಿದ ಒಂದು ಹಳೆಯ ಜೀಪಿನ ಒಳಗೆ ಸೊಂಟದವರೆಗೆ ಮುಳುಗಿದ್ದ ಗುಲಾಬಸಾಬರು ತಲೆ ಹೊರಗೆ ತೆಗೆದು, ಒಂದು ಗಳಿಗೆ ನೋಡಿ, ಗುರುತು ಹಿಡಿದು, ಗಾಬರಿಯಾದರು. ತಿಂಗಳಿಗೊಮ್ಮೆ ಮಗಳನ್ನು ಕ್ಲಾಸಿಗೆ ಬಿಡಲು ಬಂದಾಗ ಹಾಲಿನ ಹೊರಗಿನಿಂದಲೇ ಕೈಮುಗಿದು ಹೋಗುತ್ತಿದ್ದ ಮನುಷ್ಯ. "ಬರ್ರಿ ಮೇಡಮ್, ಬರ್ರಿ. ಹೇಳಿ ಕಳಿಸಿದ್ರ ನಾನ ಬರತಿದ್ನೆಲ್ರಿ," ಎನ್ನುತ್ತ ಒಂದು ಕುರ್ಚಿ ತಂದರು, ಬಟ್ಟೆಯಿಂದ ಒರೆಸಿದರು, ಬಟ್ಟೆಯೇ ಎಣ್ಣೆಯದೆಂದು ಕಂಡು ಇನ್ನೊಂದು ಬಟ್ಟೆಯಿಂದ ಮತ್ತೆ ಒರೆಸಿದರು. ಕೂಡ್ರಿ ಎಂದು ಹೇಳಿ ತಾವು ನಿಂತೇ ಇದ್ದರು.

"ಒಂದು ಶಬ್ದದ ಸಲುವಾಗಿ ಬಂದೀನ್ರಿ," ಎಂದಳು ವೃಂದಾ.

"ಯಾವ ಶಬ್ದರಿ? ಚಾಲೂ ಮಾಡಿದಾಗ ಬರತೈತೋ, ಓಡಸೂಮುಂದ ಬರತೈತೋ? ಗಾಡಿ ಎಲ್ಲೆ ನಿಂದ್ರಿಸೀರಿ?"

"ಗಾಡೀದಲ್ರಿ. ಪುಸ್ತಕದಾಗಿನ ಶಬ್ದ. ನ್ಯೂಟ್ರಲ್ ಅಂದ್ರ ಖರೇ ಏನು ಅಂತ ನಿಮ್ಮನ್ನ ಕೇಳಬೇಕಾಗಿತ್ತು."

ಹಾಗೆ ಕೇಳಿ ಆಗಿಬಿಟ್ಟ ಮೇಲೆ ವೃಂದಾಗೆ ತಿಳಿಯಿತು, ತಾನು ನಿಶಾತಳನ್ನು ಕೇಳುವುದು ತಪ್ಪಿಸಿಕೊಂಡು ಇವರನ್ನು ಕೇಳುತ್ತಿದ್ದೇನೆ ಎಂದು. ಗುಲಾಬಸಾಬರು ನಗಲಿಲ್ಲ. ಇಷ್ಟು ದೂರದಿಂದ ಇದನ್ನು ಕೇಳಲು ಬಂದಿರೇ ಎಂದೂ ಅನ್ನಲಿಲ್ಲ. ದೊಡ್ಡ ಪ್ರಶ್ನೆ ಬಂದಂತೆ ಕೈಯಲ್ಲಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. "ನ್ಯೂಟ್ರಲ್ ಅಂದ್ರ ಗಾಡಿ ಸುಮ್ಮನ ಐತಿ ಅಂತ ಮಂದಿ ತಿಳಕೊಂಡಾರ್ರಿ. ಹಂಗಲ್ಲದು. ಕೇಳ್ರಿಲ್ಲೆ," ಎಂದು ಜೀಪಿನೊಳಗೆ ಕೈ ಹಾಕಿ ಕೀಲಿ ತಿರುವಿದರು. ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಗುಲಾಬಸಾಬರು ಮೂತಿಯ ಕಡೆ ಹೋಗಿ ಏನನ್ನೋ ಎಳೆದರು, ಜೀಪು ನಿಂತಲ್ಲೇ ನಡುಗಿತು, ತಗಡು ನಡುಗಿತು. "ತಾಕತ್ತ ಎಲ್ಲಾ ಐತ್ರಿ ಒಳಗ," ಎಂದು ದನಿ ಎತ್ತಿ ಹೇಳಿದರು. "ಗುಡ್ಡಾ ಹತ್ತೂವಷ್ಟು ಐತಿ. ಗೇರಿಗೆ ಹಾಕಿಲ್ಲ, ಅಷ್ಟ. ಗಾಡಿ ತಪ್ಪಲ್ರಿ ಅದು."

ಹಸಿರು ಬಾಗಿಲು ತೆರೆದು ನಿಶಾತ ಬಂದಳು. ನರ್ಸಿನ ಬಟ್ಟೆ ತೊಟ್ಟಿದ್ದಳು, ಮಧ್ಯಾಹ್ನದ ಪಾಳಿಗೆ ಹೊರಟವಳಿರಬೇಕು. ಕೈಯಲ್ಲಿ ಊಟದ ಡಬ್ಬಿ. ವೃಂದಾಳನ್ನು ಕಂಡು ಒಮ್ಮೆಲೆ ನಿಂತು, "ಮೇಡಮ್, ನೀವು?" ಎಂದಳು. ಮುಖ ಅರಳಿತು. ಅರಳಬಾರದಿತ್ತು ಎಂದುಕೊಂಡಳು ವೃಂದಾ. ನಿಶಾತ ಡಬ್ಬಿಯನ್ನು ಅಪ್ಪನ ಹತ್ತಿರ ಒಯ್ದು ಹಲಗೆಯ ಮೇಲಿಟ್ಟಳು, ಮಾತಾಡಲಿಲ್ಲ. ಗುಲಾಬಸಾಬರು ಡಬ್ಬಿಯ ಕಡೆಯೂ ನೋಡಲಿಲ್ಲ, ಮಗಳ ಕಡೆಯೂ ನೋಡಲಿಲ್ಲ. "ಯಾರರೆ ಮೇಡಮ್ಮಾರಿಗೆ ಛಾ ತರ್ರಿ," ಎಂದು ರಸ್ತೆಯ ಕಡೆ ಮುಖ ಮಾಡಿ ಹೇಳಿ, ವೃಂದಾಳ ಹತ್ತಿರ ಬಂದರು. "ನಿಮ್ಮ ಉಪಕಾರ ಹೇಳೂದು ಉಳದಿತ್ರಿ ನಂದು. ನೀವು ಬರದ ಕಾಗದ ಆ ಏಜನ್ಸಿಯವರು ತೋರಿಸಿದ್ರು. ಬ್ಯಾರೆಯವರಾಗಿದ್ರ ಮುಲಾಜಿಗೆ ಬಿದ್ದು ಪಾಸ್ ಮಾಡತಿದ್ರು. ಇನ್ನೂ ತಯಾರಿ ಬೇಕಂತ ನೀವು ಖರೇ ಖರೇ ಬರದ್ರಿ. ಪರದೇಶಕ್ಕ ಹೋಗಿ ಮಾನಾ ಕಳಕೊಳ್ಳೂದಕಿಂತ ಅದ ಛಲೋ. ಗುರು ಅಂದ್ರ ಹಂಗಿರಬೇಕ್ರಿ." ಇಷ್ಟು ಹೇಳಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಎಂಜಿನ್ನಿನಲ್ಲಿ ಏನೋ ಅಪಸ್ವರ ಕೇಳಿಸಿರಬೇಕು, ಅದರ ಕಡೆ ಹೋಗಿ ಮತ್ತೆ ಸೊಂಟದವರೆಗೆ ಮುಳುಗಿದರು.

ವೃಂದಾ ಕುರ್ಚಿಯಲ್ಲಿ ಕೂತಿದ್ದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಉಪಕಾರವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ನಿಶಾತ ಹತ್ತಿರ ಬಂದು, ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿ ಎಂದು ಬಾಗಿ ಹೇಳಿದಳು. "ನಿಮ್ಮನ್ನ ಒಂದು ಕೇಳಬೇಕಂತಿದ್ನಿರಿ ಮೇಡಮ್. ಹ್ವಾದ ವಾರ ಮುಂದಿನ ತಂಡದ್ದು ಫೋನಿನ್ಯಾಗ ಇಂಟರ್‌ವ್ಯೂ ಆತ್ರಿ. ಆ ಜರ್ಮನ್ ಬಾಯಿ, ನಿಮ್ಮ ಅಪ್ಪ ಏನ ಕೆಲಸಾ ಮಾಡತಾರ ಅಂತ ಕೇಳಿದ್ರು. ಗ್ಯಾರೇಜ್ ಅಂತ ಹೇಳೂವಾಕಿ, ನಿಮ್ಮ ಮಾತ ನೆನಪಾತ್ರಿ. ಸುಮ್ಮನಾಗಿಬಿಟ್ನಿ. ಎರಡು ಸಲ ಕೇಳಿದ್ರು, ಬಾಯಾಗ ಬರಲೇ ಇಲ್ಲ. ತಿಳಸ್ತೇವಿ ಅಂತ ಅಂದ್ರು, ಇನ್ನೂ ತಿಳಿಸಿಲ್ರಿ." ಆಮೇಲೆ ವಿದ್ಯಾರ್ಥಿನಿಯ ಅದೇ ಶ್ರದ್ಧೆಯಿಂದ ಕೇಳಿದಳು. "ಗ್ಯಾರೇಜಿಗೆ ಛಲೋ ಶಬ್ದ ಯಾವುದೈತ್ರಿ, ಜರ್ಮನ್ನಿನ್ಯಾಗ?"

ಶಬ್ದ ವೃಂದಾಗೆ ಗೊತ್ತಿತ್ತು. ಒಂದಲ್ಲ, ಎರಡು ಗೊತ್ತಿದ್ದವು. ಆದರೆ ಮುಂದಿನ ತಂಡವಿದೆಯಲ್ಲ ಎಂದು ಬಸ್ಸಿನಲ್ಲಿ ಹಾಕಿಕೊಂಡ ಲೆಕ್ಕ ಸತ್ತುಬಿದ್ದಿತ್ತು. ಹುಡುಗಿಯ ಕಣ್ಣು ನೋಡದೆ, ಜೀಪಿನ ಗಾಲಿ ನೋಡುತ್ತ ಹೇಳಿದಳು. "ಅವತ್ತು ನೀ ಹೇಳಿದ್ದ ಖರೇ ಇತ್ತು ನಿಶಾತ. ಲೇರ್‌ಲೌಫ್ ಅಂದ್ರ ನ್ಯೂಟ್ರಲ್."

"ಗೊತ್ತೈತ್ರಿ ಮೇಡಮ್."

"ನನಗೂ ಗೊತ್ತಿತ್ತು." ಎಂಜಿನ್ ಜೋರಾಯಿತು, ವೃಂದಾ ದನಿ ಎತ್ತಲಿಲ್ಲ. "ಆ ಫಾರ್ಮಿನೊಳಗ ನಾ ಬರದದ್ದು ಸುಳ್ಳು. ನೀ ತಯಾರಿದ್ದಿ. ಆ ಹನ್ನೊಂದು ಮಂದಿಯೊಳಗ ನಿನ್ನಷ್ಟು ತಯಾರಿ ಯಾರದೂ ಇರಲಿಲ್ಲ. ನನ್ನ ತಪ್ಪು ತೋರಿಸಿದಿ ಅಂತ ಹಿಂದ ಹಾಕಿದೆ."

ನಿಶಾತ ಬಾಗಿದವಳು ನೆಟ್ಟಗಾದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ; ಬಹಳ ದಿನ ಮನೆಯೆಲ್ಲ ಹುಡುಕಿದ ವಸ್ತು ಆ ಮನೆಯಲ್ಲಿ ಇರಲೇ ಇಲ್ಲವೆಂದು ತಿಳಿದವಳ ಮುಖ. ಬಿಳಿಯ ಅಂಗಿಗೆ ಎಣ್ಣೆ ಹತ್ತದಂತೆ ಅದನ್ನು ಒಂದು ಕೈಯಿಂದ ಒತ್ತಿ ಹಿಡಿದುಕೊಂಡು, ಜೀಪಿನ ಕಿಟಕಿಯಲ್ಲಿ ಇನ್ನೊಂದು ಕೈ ಹಾಕಿ ಕೀಲಿ ತಿರುವಿದಳು. ಎಂಜಿನ್ ನಿಂತಿತು. ಓಣಿಯ ಸದ್ದುಗಳೆಲ್ಲ ಒಂದೊಂದಾಗಿ ಕೇಳಿಸತೊಡಗಿದವು. "ಯಾಕ, ಏನಾತು?" ಎನ್ನುತ್ತ ಗುಲಾಬಸಾಬರು ತಲೆ ಹೊರಗೆ ತೆಗೆದರು.

"ಈಗ ಹೇಳ್ರಿ ಮೇಡಮ್," ಎಂದಳು ನಿಶಾತ. "ನಮ್ಮಪ್ಪಗ ಕೇಳೂವಂಗ ಹೇಳ್ರಿ."

ವೃಂದಾ ಕುರ್ಚಿಯಿಂದ ಎದ್ದಳು. ನಾಲ್ಕು ಭಾಷೆಗಳಲ್ಲಿ ತೂಕದ ಶಬ್ದಗಳನ್ನು ಆರಿಸಿ ಆರಿಸಿ ಇಡುವುದೇ ಕಸುಬಾಗಿದ್ದ ಆಕೆಗೆ ಈಗ ಆರಿಸಲು ಏನೂ ಉಳಿದಿರಲಿಲ್ಲ. "ಗುಲಾಬಸಾಬ್ರ, ನಿಮ್ಮ ಮಗಳು ಅವತ್ತೇ ಪಾಸಾಗಿದ್ಲು. ತಯಾರಿ ಸಾಲದು ಅಂತ ನಾ ಬರದದ್ದು ಸುಳ್ಳು. ಬೇಕಂತ ಬರದೆ. ಅಕಿದು ಏನೂ ತಪ್ಪಿದ್ದಿಲ್ಲ," ಎಂದಳು. ಹೇಳುವಾಗ ದನಿ ನಯವಾಗಿರಲಿಲ್ಲ, ನಡುವೆ ಎರಡು ಸಲ ಒಡೆಯಿತು. ಏಜನ್ಸಿಗೆ ಇವತ್ತೇ ಬರೆದು ಕೊಡುತ್ತೇನೆ ಎಂದೂ ಸೇರಿಸಿದಳು. ಅದನ್ನು ಇಬ್ಬರಲ್ಲಿ ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಗುಲಾಬಸಾಬರು ಕೈ ಒರೆಸಿಕೊಳ್ಳುತ್ತಿದ್ದರು. ಬೆರಳುಗಳ ಸಂದಿಯನ್ನು ಒಂದೊಂದಾಗಿ ಒರೆಸಿ, ಬಟ್ಟೆಯನ್ನು ಮಡಚಿ, ಜೀಪಿನ ಮೇಲಿಟ್ಟರು. ವೃಂದಾಳ ಕಡೆ ನೋಡಲಿಲ್ಲ. ಜೀಪಿನ ಕಿಟಕಿಯ ಹತ್ತಿರ ನಿಂತಿದ್ದ ಮಗಳನ್ನು ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ, ಮಗಳ ಮೇಲಿನ ಕಣ್ಣು ತೆಗೆಯದೆ, ತೀರ ಸಣ್ಣ ದನಿಯಲ್ಲಿ ಹೇಳಿದರು.

"ನಾಲ್ಕ ತಿಂಗಳಾತ್ರಿ ಮೇಡಮ್, ಆ ಕಾಗದ ನೋಡಿದಾಗಿಂದ ನಾ ಇಕಿ ಜೋಡಿ ಮಾತಾಡಿಲ್ರಿ."